ಎರಡು ಅಡುಗೆ ಬೇಡ, ಬಡಿಸುವ ಅಳತೆ ಬದಲಾಗಲಿ

ಓದುಗರ ಪ್ರಶ್ನೆ: ಆಹಾರ ಮತ್ತು ಆರೋಗ್ಯ

ತೂಕ ಇಳಿಸುವುದು ಹೇಗೆ ಎಂದು ಕೇಳುವ ಪತ್ರಗಳು ಎಂದಿನಂತೆ ಬಂದಿವೆ. ಈ ಸಲ ಅವನ್ನು ಬದಿಗಿಟ್ಟು, ಕಷ್ಟಪಟ್ಟು ಇಳಿಸಿದ ಮೇಲೆ ಅದನ್ನು ಉಳಿಸಿಕೊಳ್ಳಲು ಒದ್ದಾಡುತ್ತಿರುವವರ ಪತ್ರಗಳನ್ನು ಆರಿಸಿದ್ದೇವೆ. ಎಲ್ಲವೂ ಶಿವಮೊಗ್ಗ ಮತ್ತು ಸುತ್ತಲಿನ ಮಲೆನಾಡಿನವು. ಕೊಟ್ಟಿರುವ ಕ್ಯಾಲೊರಿ ಲೆಕ್ಕಗಳು ಅಂದಾಜಿನವು. ನಿಮ್ಮ ಮನೆಯ ಸೌಟು, ಬಟ್ಟಲು ನೋಡಿ ಹೊಂದಿಸಿಕೊಳ್ಳಿ.

● ನಾನು ಹೈಸ್ಕೂಲ್ ಶಿಕ್ಷಕಿ, ವಯಸ್ಸು 41. ಒಂಬತ್ತು ತಿಂಗಳಲ್ಲಿ 76 ಕೆ.ಜಿ.ಯಿಂದ 65ಕ್ಕೆ ಇಳಿದೆ. ಅಷ್ಟೂ ದಿನ ನನಗೆಂದೇ ಬೇರೆ ಅಡುಗೆ ಮಾಡಿಕೊಳ್ಳುತ್ತಿದ್ದೆ. ಮನೆಯಲ್ಲಿ ಅತ್ತೆ, ಮಾವ, ನಮ್ಮವರು, ಇಬ್ಬರು ಮಕ್ಕಳು. ಎಂಟೂವರೆಗೆ ಬಸ್ಸು. ಇನ್ನು ದಿನಾ ಎರಡೆರಡು ಅಡುಗೆ ನನ್ನಿಂದಾಗದು ಎಂದು ಬಿಟ್ಟೆ. ಎರಡೇ ತಿಂಗಳಲ್ಲಿ 2 ಕೆ.ಜಿ. ವಾಪಸ್ ಬಂದಿದೆ. ಏನು ಮಾಡಲಿ?
— ಓದುಗರು, ತೀರ್ಥಹಳ್ಳಿ

ಬೇರೆ ಅಡುಗೆ ಬಿಟ್ಟಿದ್ದು ಸರಿಯೇ. ಆರು ಜನರ ಮನೆಯಲ್ಲಿ ಒಬ್ಬರಿಗಾಗಿ ಇನ್ನೊಂದು ಒಲೆ ಹಚ್ಚುವುದು ವರ್ಷಗಟ್ಟಲೆ ನಡೆಯುವ ಮಾತಲ್ಲ, ಇವತ್ತಲ್ಲ ನಾಳೆ ನಿಲ್ಲಲೇಬೇಕಿತ್ತು. ನಿಂತ ಮೇಲೆ ನಿಮ್ಮ ತಟ್ಟೆ ಹಳೆಯ ಅಳತೆಗೇ ಮರಳಿತು, ಅಷ್ಟೇ ಆದದ್ದು.

ಲೆಕ್ಕ ನೋಡಿ. 76 ಕೆ.ಜಿ. ಮೈ ಹೊತ್ತು ಓಡಾಡಲು ಬೇಕಿದ್ದಷ್ಟು ಊಟ 65 ಕೆ.ಜಿ.ಗೆ ಬೇಡ. ವ್ಯತ್ಯಾಸ ದಿನಕ್ಕೆ ಸುಮಾರು 150ರಿಂದ 200 ಕ್ಯಾಲೊರಿ. ಅದರ ಜೊತೆಗೆ, ತೂಕ ಇಳಿದ ದೇಹ ಖರ್ಚಿನಲ್ಲಿ ಇನ್ನೊಂದಿಷ್ಟು ಬಿಗಿ ಮಾಡುತ್ತದೆ. ಕೊಬ್ಬಿನ ದಾಸ್ತಾನು ಸಾಕಷ್ಟಿದೆ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಇಳಿದಿರುತ್ತದೆ, ಹಸಿವೆಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಏರಿರುತ್ತದೆ. ವರ್ಷ ಕಳೆದರೂ ಇದು ಪೂರ್ತಿ ಮೊದಲಿನಂತಾಗುವುದಿಲ್ಲ. ಹಾಗಾಗಿ ‘ನನಗೆ ಮನಸ್ಸು ಗಟ್ಟಿಯಿಲ್ಲ’ ಎಂದು ಹಳಿದುಕೊಳ್ಳಬೇಡಿ. ಹಸಿವು ನಿಜವಾಗಿಯೇ ಹೆಚ್ಚಾಗಿದೆ. ಸಮಾಧಾನದ ಸಂಗತಿ ಎಂದರೆ ನೀವು ಹಿಡಿಯಬೇಕಾದ ಆ 200 ಕ್ಯಾಲೊರಿ ಎಣ್ಣೆ ಹಾಕಿ ಬೇಯಿಸಿದ ಒಂದು ಅಕ್ಕಿರೊಟ್ಟಿಗೆ ಹೆಚ್ಚುಕಡಿಮೆ ಸಮ. ಅದಕ್ಕಾಗಿ ಮನೆಯ ಅಡುಗೆಯನ್ನೇ ಬುಡಮೇಲು ಮಾಡಬೇಕಿಲ್ಲ.

ಬೆಳಿಗ್ಗೆಯಿಂದ ಶುರು ಮಾಡೋಣ. ಈರುಳ್ಳಿ, ಕ್ಯಾರೆಟ್ ಕಲಸಿ ಕಾವಲಿಗೆ ತಟ್ಟುವ ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿಯುತ್ತದೆ, ಅದು 175 ಕ್ಯಾಲೊರಿ. ಸುತ್ತ ಬಿಡುವ ಒಂದೂವರೆ ಚಮಚ ಎಣ್ಣೆ 60. ಹಿಟ್ಟು ಉಕ್ಕರಿಸಿ, ಲಟ್ಟಿಸಿ, ಕೆಂಡದ ಮೇಲೋ ಬರ್ನರ್ ಮೇಲೋ ಉಬ್ಬಿಸುವ ನಮ್ಮ ಕಡೆಯ ರೊಟ್ಟಿಗೆ ಎಣ್ಣೆಯೇ ಬೇಡ; 40 ಗ್ರಾಂ ಹಿಟ್ಟಿನ ಒಂದಕ್ಕೆ 140. ವಾರದ ದಿನಗಳಲ್ಲಿ ಎಲ್ಲರಿಗೂ ಇದನ್ನೇ ಮಾಡಿ. ತಟ್ಟಿದ ರೊಟ್ಟಿ ಭಾನುವಾರಕ್ಕಿರಲಿ. ನಿಮಗೆ ಎರಡು ರೊಟ್ಟಿ, ಜೊತೆಗೆ ಒಂದು ದೊಡ್ಡ ಬಟ್ಟಲು ಹುರುಳಿ ಅಥವಾ ಅಲಸಂದೆ ಪಲ್ಯ. ಕಡುಬಾದರೆ 30 ಗ್ರಾಂ ಅಕ್ಕಿತರಿಯ ಒಂದಕ್ಕೆ 105 ಕ್ಯಾಲೊರಿ, ಮೂರಕ್ಕೆ ನಿಲ್ಲಿಸಿ. ಕಡುಬು ಹಬೆಯಲ್ಲಿ ಬೆಂದದ್ದು, ಅದರಿಂದ ಏನೂ ಆಗುವುದಿಲ್ಲ ಎಂಬ ನಂಬಿಕೆ ಮಲೆನಾಡಿನಲ್ಲಿ ಗಟ್ಟಿಯಾಗಿದೆ. ಎಣ್ಣೆಯಿಲ್ಲ ಎಂಬುದು ನಿಜ, ಆದರೆ ಅಕ್ಕಿ ಅಕ್ಕಿಯೇ. ಅದರ ಮೇಲೆ ಸುರಿಯುವ ತುಪ್ಪ ಮತ್ತು ಕಾಯಿಚಟ್ನಿಯ ಲೆಕ್ಕ ಬೇರೆ.

ಕಾಯಿಯ ವಿಷಯಕ್ಕೆ ಬಂದೆವು. ಮಲೆನಾಡಿನ ಅಡುಗೆಯಲ್ಲಿ ಲೆಕ್ಕಕ್ಕೆ ಸಿಗದೆ ಹೊಟ್ಟೆ ಸೇರುವುದು ಇದೇ. ನೂರು ಗ್ರಾಂ ಹಸಿ ಕಾಯಿತುರಿಗೆ 350 ಕ್ಯಾಲೊರಿ, ಅದರಲ್ಲಿ 33 ಗ್ರಾಂ ಕೊಬ್ಬು. ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಸಾಂಬಾರು, ಪಲ್ಯದ ಮೇಲೊಂದು ಹಿಡಿ, ರಾತ್ರಿ ತಂಬುಳಿ: ಒಬ್ಬರ ಪಾಲಿಗೆ 60 ಗ್ರಾಂ ಬಂದರೂ 210 ಕ್ಯಾಲೊರಿ ಆಯಿತು. ಕಾಯಿ ಕೆಟ್ಟದ್ದೆಂದಲ್ಲ, ದಿನಕ್ಕೆ ಒಂದೇ ಪದಾರ್ಥಕ್ಕೆ ಬೀಳಲಿ. ಸಾಂಬಾರು ಮಂದ ಬೇಕಾದರೆ ಅರ್ಧ ಕಾಯಿಗೆ ಬದಲಾಗಿ ಕಾಲು ಕಾಯಿ, ಜೊತೆಗೆ ಎರಡು ಚಮಚ ಬೆಂದ ಬೇಳೆ ಅಥವಾ ಒಂದು ಚಮಚ ಹುರಿಗಡಲೆ ಹಾಕಿ ರುಬ್ಬಿ. ಹುರಿಗಡಲೆ ಇದಕ್ಕಿಂತ ಜಾಸ್ತಿಯಾದರೆ ಸಾಂಬಾರು ಆರಿದ ಮೇಲೆ ಗಂಜಿಯಂತೆ ಗಟ್ಟಿಯಾಗುತ್ತದೆ, ಮನೆಯವರಿಗೆ ತಕ್ಷಣ ಗೊತ್ತಾಗುತ್ತದೆ. ಒಂದೆಲಗದ ತಂಬುಳಿಗೆ ಕಾಯಿ ಅರ್ಧಕ್ಕಿಳಿಸಿ ಮಜ್ಜಿಗೆ ಹೆಚ್ಚಿಸಿದರೆ ರುಚಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅಡುಗೆ ಎಣ್ಣೆ ತಲೆಗೆ ತಿಂಗಳಿಗೆ ಅರ್ಧ ಲೀಟರ್, ಆರು ಜನಕ್ಕೆ ಮೂರು ಲೀಟರ್. ಹಬ್ಬದ ಕರಿದದ್ದೂ ಇದರೊಳಗೇ ಬರಬೇಕು. ಅಳೆಯಲು ಸುಲಭ ದಾರಿ: ತಿಂಗಳ ಮೊದಲ ದಿನ ಮೂರು ಲೀಟರ್ ತಂದಿಟ್ಟು, ಎಷ್ಟನೇ ತಾರೀಖಿಗೆ ಖಾಲಿಯಾಗುತ್ತದೆ ನೋಡಿ.

ಇನ್ನು ಹಸಿವನ್ನು ತಡೆಯುವ ವಿಷಯ. ನಿಮ್ಮ ತೂಕಕ್ಕೆ ದಿನಕ್ಕೆ 60–65 ಗ್ರಾಂ ಪ್ರೋಟೀನ್ ಬಂದರೆ ಸ್ನಾಯು ಉಳಿಯುತ್ತದೆ, ಹೊಟ್ಟೆಯೂ ಹೆಚ್ಚು ಹೊತ್ತು ತಡೆಯುತ್ತದೆ. ನಮ್ಮ ಮನೆಗಳ ಸಾರಿನಲ್ಲಿ ಬೇಳೆ ತಲೆಗೆ 15 ಗ್ರಾಂ ಬಿದ್ದರೆ ಹೆಚ್ಚು. ಅದರಲ್ಲಿ ಪ್ರೋಟೀನ್ 3 ಗ್ರಾಂ ಚಿಲ್ಲರೆ. ಅದನ್ನು ಊಟಕ್ಕೆ 35 ಗ್ರಾಂಗೆ ಏರಿಸಿ. ಆರು ಜನರಿಗೆ ಹೊತ್ತಿಗೆ 200 ಗ್ರಾಂ ಬೇಳೆ ಅಥವಾ ಕಾಳು. ಎರಡು ಹೊತ್ತಿಗೆ 15–16 ಗ್ರಾಂ ಪ್ರೋಟೀನ್, 300 ಗ್ರಾಂ ಮೊಸರಿನಿಂದ 9, ಒಂದು ಲೋಟ ಹಾಲಿನಿಂದ 6, ಅಕ್ಕಿ–ರಾಗಿಯಿಂದ 14, ಒಂದು ಹಿಡಿ ಶೇಂಗಾದಿಂದ 5. ಉಳಿದ ಹತ್ತು–ಹನ್ನೆರಡಕ್ಕೆ ಎರಡು ಮೊಟ್ಟೆ, ಅಥವಾ ತಿನ್ನದಿದ್ದರೆ 20 ಗ್ರಾಂ ಸೋಯಾ ಚಂಕ್ಸ್ ಪಲ್ಯಕ್ಕೆ ಬೆರೆಸಿ.

ಬೆಳಗಿನ ಗಡಿಬಿಡಿಗೆ ಹುರುಳಿಯಷ್ಟು ಒದಗುವ ಕಾಳು ಇನ್ನೊಂದಿಲ್ಲ. ರಾತ್ರಿ 250 ಗ್ರಾಂ ನೆನೆಹಾಕಿ, ಬೆಳಿಗ್ಗೆ ನಾಲ್ಕು ಪಟ್ಟು ನೀರು ಹಾಕಿ ಕುಕ್ಕರ್‌ನಲ್ಲಿ ಆರೇಳು ಸೀಟಿ ಕೂಗಿಸಿ ಬಸಿಯಿರಿ. ಕಟ್ಟು ಮಧ್ಯಾಹ್ನದ ಸಾರಿಗೆ, ಕಾಳು ಹರಿವೆ ಸೊಪ್ಪಿನ ಜೊತೆ ಪಲ್ಯಕ್ಕೆ, ಮಕ್ಕಳ ಡಬ್ಬಿಗೆ, ನಿಮ್ಮ ಡಬ್ಬಿಗೆ. ಒಂದೇ ಕುಕ್ಕರ್, ಎರಡು ಪದಾರ್ಥ. ಮಳೆಗಾಲದಲ್ಲಿ ಮೊಳಕೆ ಕಟ್ಟಲು ಹೋಗಬೇಡಿ. ಬೆಚ್ಚಗಿರದ ಕಡೆ ಮೊಳಕೆ ಏಳುವ ಮೊದಲೇ ಕಾಳು ಲೋಳೆಯಾಗಿ ವಾಸನೆ ಬರುತ್ತದೆ. ನೆನೆದದ್ದನ್ನೇ ಬೇಯಿಸಿದರೆ ಸಾಕು.

ಊಟದಲ್ಲಿ ಬಡಿಸುವ ಕ್ರಮ ತಿರುವುಮುರುವು ಮಾಡಿ. ಮೊದಲು ಪಲ್ಯ ಮತ್ತು ಕೋಸಂಬರಿ ತಟ್ಟೆಯ ಅರ್ಧ ತುಂಬಲಿ, ಆಮೇಲೆ ಒಂದು ಬಟ್ಟಲು ಕಾಳಿನ ಸಾರು, ಕೊನೆಗೆ ಅನ್ನ. ನಿಮ್ಮ ಪಾಲಿಗೆ ಹೊತ್ತಿಗೆ 60 ಗ್ರಾಂ ಅಕ್ಕಿ, ಅಂದರೆ ಬೆಂದ ಮೇಲೆ 160ರಿಂದ 180 ಗ್ರಾಂ ಅನ್ನ. ದಿನಾ ತೂಗುತ್ತ ಕೂರಬೇಡಿ. ಒಂದು ದಿನ ಮಾತ್ರ ತೂಕ ಮಾಡಿ, ಅಷ್ಟು ಅನ್ನ ಸರಿಯಾಗಿ ಹಿಡಿಯುವ ಬಟ್ಟಲೊಂದನ್ನು ಆರಿಸಿ ಅನ್ನದ ಪಾತ್ರೆಯಲ್ಲೇ ಇಟ್ಟುಬಿಡಿ. ಅತ್ತೆಯವರು ಬಡಿಸುವ ಮನೆಯಾದರೆ ಆ ಬಟ್ಟಲಿನಲ್ಲೇ ಹಾಕಲು ಹೇಳಿ. ‘ಡಯಟ್’ ಎಂಬ ಶಬ್ದ ಎತ್ತಬೇಡಿ, ಮನೆಯಲ್ಲಿ ಅದಕ್ಕೆ ಪಂಚಾಯ್ತಿ ಶುರುವಾಗುತ್ತದೆ. ಅತ್ತೆ, ಮಾವನ ವಯಸ್ಸಿಗೂ ಈ ತಟ್ಟೆ ಹೊಂದುತ್ತದೆ. ಮಕ್ಕಳಿಗೆ ಮಾತ್ರ ಅನ್ನ, ತುಪ್ಪ, ಕಾಯಿ ಕಡಿಮೆ ಮಾಡಬೇಡಿ. ಅವರ ತಟ್ಟೆಗೆ ಮೇಲಿಂದ ಹಾಕಿಕೊಡಿ.

ಇನ್ನೊಂದನ್ನು ಕೇಳಲೇಬೇಕು. ಮಕ್ಕಳ ತಟ್ಟೆಯಲ್ಲಿ ಉಳಿದ ಅರ್ಧ ರೊಟ್ಟಿ, ಪಾತ್ರೆಯ ತಳದ ನಾಲ್ಕು ತುತ್ತು ಮೊಸರನ್ನ ‘ಹಾಳಾಗಬಾರದು’ ಎಂದು ಯಾರ ಹೊಟ್ಟೆ ಸೇರುತ್ತಿದೆ? ದಿನಕ್ಕೆ ಎರಡು ಸಲ ಹೀಗಾದರೆ ನಿಮ್ಮ 200 ಕ್ಯಾಲೊರಿಯೂ ಅಲ್ಲಿಗೇ ಹೋಯಿತು. ಮಕ್ಕಳಿಗೆ ಮೊದಲ ಸಲ ಕಡಿಮೆ ಬಡಿಸಿ, ಬೇಕಾದರೆ ಮತ್ತೆ ಹಾಕಿ. ಉಳಿದದ್ದು ಫ್ರಿಜ್‌ಗೆ, ಇಲ್ಲವೇ ಹಟ್ಟಿಯಿದ್ದರೆ ಕಲಗಚ್ಚಿನ ಬಕೆಟ್‌ಗೆ.

● ಬ್ಯಾಂಕಿನಲ್ಲಿ ಕೆಲಸ, 36 ವರ್ಷ. ಬೆಳಿಗ್ಗೆ ಒಂಬತ್ತೂವರೆಗೆ ಕೂತರೆ ಏಳುವುದು ಸಂಜೆ ಏಳಕ್ಕೆ. ವಾರವೆಲ್ಲ ಹಿಡಿತದಲ್ಲಿರುತ್ತೇನೆ, ಮನೆ ತಲುಪಿದ ಕೂಡಲೇ ಮಿಕ್ಸ್ಚರ್ ಡಬ್ಬ ಖಾಲಿ. ಭಾನುವಾರ ಮದುವೆ, ಗೃಹಪ್ರವೇಶ. ಸೋಮವಾರ ತೂಕ ನೋಡಿದರೆ ಒಂದೂವರೆ ಕೆ.ಜಿ. ಜಾಸ್ತಿ.
— ಓದುಗರು, ವಿನೋಬನಗರ, ಶಿವಮೊಗ್ಗ

ಸೋಮವಾರದ ಒಂದೂವರೆ ಕೆ.ಜಿ.ಗೆ ಹೆದರಬೇಡಿ. ಒಂದು ಕೆ.ಜಿ. ಕೊಬ್ಬು ಸೇರಲು ಖರ್ಚಿಗಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು. ಒಂದು ಮದುವೆಯೂಟದಲ್ಲಿ ಅಷ್ಟು ಸಾಧ್ಯವಿಲ್ಲ. ಅನ್ನ, ಸಿಹಿ ಹೆಚ್ಚಾದಾಗ ದೇಹ ಅದನ್ನು ಗ್ಲೈಕೋಜನ್ ಆಗಿ ಕೂಡಿಡುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರು ಹಿಡಿದಿಡುತ್ತದೆ. ಉಪ್ಪಿನಕಾಯಿ, ಹಪ್ಪಳದ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ಬುಧವಾರ, ಗುರುವಾರದ ಹೊತ್ತಿಗೆ ಇಳಿಯುತ್ತದೆ. ಕೆಡುವುದು ಎಲ್ಲಿ ಎಂದರೆ, ಸೋಮವಾರದ ಆ ಅಂಕಿ ನೋಡಿ ಉಪವಾಸ ಕೂತು, ಮಂಗಳವಾರ ಸಂಜೆ ತಡೆಯಲಾರದೆ ತಿನ್ನುವಲ್ಲಿ.

ನಿಮ್ಮ ನಿಜವಾದ ತೊಂದರೆ ಏಳೂವರೆಯದು, ಅದಕ್ಕೆ ಮದ್ದು ನಾಲ್ಕೂವರೆಗೆ. ಮಧ್ಯಾಹ್ನ ಒಂದೂವರೆಗೆ ಊಟ ಮಾಡಿ ಆರು ಗಂಟೆ ಬರೀ ಕಾಫಿಯ ಮೇಲಿದ್ದವರು ಮಿಕ್ಸ್ಚರ್ ಡಬ್ಬ ಕಂಡರೆ ಬಿಡುವುದುಂಟೆ? ನಾಲ್ಕೂವರೆಗೆ 30 ಗ್ರಾಂ ಹುರಿದ ಕಡಲೆ, ಅಂದರೆ ಒಂದು ದೊಡ್ಡ ಹಿಡಿ, ಮತ್ತು ಒಂದು ಲೋಟ ಮಜ್ಜಿಗೆ. ಎರಡೂ ಸೇರಿ 150 ಕ್ಯಾಲೊರಿಯೊಳಗೆ ಬರುತ್ತದೆ. ಮೇಜಿನ ಡ್ರಾಯರ್‌ನಲ್ಲಿ ವಾರಕ್ಕಾಗುವಷ್ಟು ಐದು ಪೊಟ್ಟಣ ಕಟ್ಟಿಟ್ಟುಕೊಳ್ಳಿ. ಇಡೀ ಪ್ಯಾಕೆಟ್ ಇಟ್ಟರೆ ಎರಡು ದಿನಕ್ಕೇ ಮುಗಿಯುತ್ತದೆ.

ಕಾಫಿ ಎಷ್ಟು ಎಂದು ನೀವು ಬರೆದಿಲ್ಲ. ನೂರು ಮಿ.ಲೀ. ಹಾಲು, ಎರಡು ಚಮಚ ಸಕ್ಕರೆಯ ಒಂದು ಲೋಟಕ್ಕೆ ನೂರು ಕ್ಯಾಲೊರಿ. ದಿನಕ್ಕೆ ಐದಾದರೆ 500, ಅದು ಒಂದು ಹೊತ್ತಿನ ಊಟ. ಸಕ್ಕರೆಯನ್ನು ಒಮ್ಮೆಲೇ ಬಿಡಬೇಡಿ, ಹದಿನೈದು ದಿನಕ್ಕೆ ಅರ್ಧ ಚಮಚದಂತೆ ಇಳಿಸಿ. ನಾಲಿಗೆ ಹೊಂದಿಕೊಳ್ಳುತ್ತದೆ.

ಮಿಕ್ಸ್ಚರ್, ಚಿಪ್ಸ್‌ಗೆ ನೂರು ಗ್ರಾಂಗೆ 500 ಕ್ಯಾಲೊರಿಗೂ ಮೇಲೆ. ಮನೆಯಲ್ಲಿ ಬೇಡವೇ ಬೇಡ ಎಂದರೆ ಮಕ್ಕಳಿಗೂ ಯಜಮಾನರಿಗೂ ಬೇಸರ. ಅರ್ಧ ಕೆ.ಜಿ. ಪೊಟ್ಟಣದ ಬದಲು ಚಿಕ್ಕ ಪೊಟ್ಟಣ ತರಿಸಿ, ಬಟ್ಟಲಿಗೆ ಸುರಿದುಕೊಂಡೇ ತಿನ್ನುವ ಕ್ರಮವಿಡಿ. ಗಾಂಧಿ ಬಜಾರಿಗೆ ಹೋದಾಗ ಬೋಂಡಾ ಬದಲು ಚುರುಮುರಿ ತಿನ್ನಬಹುದು. ಎಣ್ಣೆ ಕಡಿಮೆ ಹಾಕಲು ಹೇಳಿದರೆ ಗಾಡಿಯವರು ಬೇಸರಿಸಿಕೊಳ್ಳುವುದಿಲ್ಲ.

ಎಲೆ ಮುಂದೆ ಕೂತಾಗ ಕೋಸಂಬರಿ, ಪಲ್ಯ ಎರಡೆರಡು ಸಲ ಕೇಳಿ ಹಾಕಿಸಿಕೊಳ್ಳಿ. ಅನ್ನ ಒಂದು ಸಲ, ಸಾರಿಗೋ ಹುಳಿಗೋ ನೀವೇ ಆರಿಸಿ. ಸಿಹಿ ಯಾವುದಾದರೂ ಒಂದು, ನಿಮಗೆ ಅತಿ ಇಷ್ಟವಾದದ್ದು. ತುಪ್ಪದ ಹೋಳಿಗೆ ಒಂದಕ್ಕೆ ಸುಮಾರು 250 ಕ್ಯಾಲೊರಿ ಎಂದು ನೆನಪಿರಲಿ. ಉಪಚಾರ ಮಾಡುವವರ ಮುಂದೆ ‘ಬೇಡ’ ಎಂದರೆ ಮತ್ತೆರಡು ಬೀಳುತ್ತವೆ. ಎಲೆಯಲ್ಲಿ ಅರ್ಧ ಹೋಳಿಗೆ ಉಳಿಸಿಕೊಂಡು ‘ಇದಾಗಲಿ, ಆಮೇಲೆ’ ಎನ್ನಿ, ಅವರು ಮುಂದಿನ ಎಲೆಗೆ ಹೋಗುತ್ತಾರೆ.

● ಆಸ್ಪತ್ರೆಯೊಂದರಲ್ಲಿ ನರ್ಸ್. ತಿಂಗಳಲ್ಲಿ ಹತ್ತು ರಾತ್ರಿ ಪಾಳಿ. ಆ ಹತ್ತು ದಿನದಲ್ಲಿ ಊಟ ಯಾವಾಗ, ಏನು ಎಂದೇ ತಿಳಿಯದು. ಬೆಳಿಗ್ಗೆ ಬಂದು ಮಗಳನ್ನು ಶಾಲೆಗೆ ಕಳಿಸಬೇಕು.
— ಓದುಗರು, ಶಿವಮೊಗ್ಗ

ರಾತ್ರಿ ಪಾಳಿಯಲ್ಲಿ ಊಟಕ್ಕಿಂತ ಮೊದಲು ಸರಿಮಾಡಬೇಕಾದದ್ದು ನಿದ್ದೆ. ನಿದ್ದೆ ಕಡಿಮೆಯಾದ ಮರುದಿನ ಹಸಿವು ಏರುತ್ತದೆ, ಅದರಲ್ಲೂ ಸಿಹಿ ಮತ್ತು ಕರಿದದ್ದರ ಮೇಲೆ. ಮಗಳು ಹೊರಟ ಕೂಡಲೇ, ಒಂಬತ್ತಕ್ಕೆಲ್ಲ ಮಲಗಿ. ಮನೆಗೆಲಸ ಎದ್ದ ಮೇಲೆ. ಕಿಟಕಿಗೆ ದಪ್ಪ ಬಟ್ಟೆ, ಫೋನ್ ಇನ್ನೊಂದು ಕೋಣೆಯಲ್ಲಿ. ಬೆಳಗಿನ ಜಾವ ಮೂರರ ನಂತರ ಕಾಫಿ, ಚಹಾ ಬೇಡ, ಅದು ಒಂಬತ್ತರ ನಿದ್ದೆಯನ್ನು ಕೆಡಿಸುತ್ತದೆ.

ಪೂರ್ತಿ ಊಟವನ್ನು ಪಾಳಿಗೆ ಹೊರಡುವ ಮೊದಲು, ಏಳು–ಏಳೂವರೆಗೆ ಮನೆಯವರ ಜೊತೆಯೇ ಮುಗಿಸಿ. ನಡುರಾತ್ರಿ ಒಂದಕ್ಕೆ ಡಬ್ಬಿಯಿಂದ ಹಗುರವಾದದ್ದು: ಹೆಸರುಕಾಳು ಉಸಲಿ, ಅಥವಾ ಎರಡು ಬೇಯಿಸಿದ ಮೊಟ್ಟೆ, ಒಂದು ಹಣ್ಣು. ಆ ಹೊತ್ತಿನಲ್ಲಿ ಅನ್ನ, ಬಿರಿಯಾನಿ ತಿಂದರೆ ತೂಕಡಿಕೆ ಬರುತ್ತದೆ, ರಕ್ತದಲ್ಲಿ ಸಕ್ಕರೆಯೂ ಹಗಲಿಗಿಂತ ಹೆಚ್ಚು ಏರುತ್ತದೆ. ಬೆಳಿಗ್ಗೆ ಮಲಗುವ ಮೊದಲು ಒಂದು ಲೋಟ ರಾಗಿ ಅಂಬಲಿ ಮಜ್ಜಿಗೆ ಬೆರೆಸಿ. ಖಾಲಿ ಹೊಟ್ಟೆಯಲ್ಲಿ ಮಲಗಿದರೆ ಹನ್ನೊಂದಕ್ಕೇ ಎಚ್ಚರವಾಗುತ್ತದೆ. ಆ ಹತ್ತು ದಿನಗಳಲ್ಲಿ ತೂಕ ಇಳಿಸುವ ಹಟ ಬೇಡ, ಏರದಿದ್ದರೆ ಗೆದ್ದಂತೆ.

● ಅಡಿಕೆ ಬೆಳೆಗಾರ, 52 ವರ್ಷ, 84ರಿಂದ 74 ಕೆ.ಜಿ.ಗೆ ಬಂದಿದ್ದೇನೆ. ಕೊಯ್ಲಿನ ಕಾಲದಲ್ಲಿ ತೂಕ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಡಲಾಗದ ಮಳೆ; ಮೂರ್ನಾಲ್ಕು ಕೆ.ಜಿ. ಏರಿಬಿಡುತ್ತದೆ. ನಾನು ಸಕ್ಕರೆ ಮುಟ್ಟುವುದಿಲ್ಲ, ಎಲ್ಲದಕ್ಕೂ ಜೋನಿ ಬೆಲ್ಲವೇ.
— ಓದುಗರು, ಹೊಸನಗರ ತಾಲ್ಲೂಕು

ಬೆಲ್ಲದಿಂದಲೇ ಶುರು ಮಾಡುತ್ತೇವೆ, ಬೇಸರಿಸಬೇಡಿ. ಉಂಡೆ ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಜೋನಿ ಬೆಲ್ಲದಲ್ಲಿ ನೀರಿನಂಶ ಇರುವುದರಿಂದ ಚಮಚಕ್ಕೆ ಸ್ವಲ್ಪ ಕಡಿಮೆ ನಿಜ, ಆದರೆ ಅದನ್ನು ಚಮಚದಲ್ಲಿ ಯಾರು ಹಾಕಿಕೊಳ್ಳುತ್ತಾರೆ? ದೋಸೆಯ ಮೇಲೆ ಸೌಟಿನಲ್ಲಿ ಸುರಿದು, ಮೇಲೆ ತುಪ್ಪ. ಬೆಲ್ಲ ಒಳ್ಳೆಯದು ಎಂಬ ಧೈರ್ಯವೇ ಕೈ ಸಡಿಲ ಮಾಡುತ್ತದೆ. ಕಾಫಿ, ದೋಸೆ, ಪಾಯಸ ಎಲ್ಲ ಸೇರಿ ದಿನಕ್ಕೆ ನಾಲ್ಕು ಚಮಚ, ಅದಕ್ಕಿಂತ ಬೇಡ.

ಮಲೆನಾಡಿನ ಊಟದ ಅಳತೆ ಹುಟ್ಟಿದ್ದು ಗುಡ್ಡ ಹತ್ತಿ ಸೊಪ್ಪು ಕಡಿದು, ದರಗು ಹೊತ್ತು, ಕೈಯಲ್ಲೇ ಅಡಿಕೆ ಸುಲಿದ ಕಾಲದಲ್ಲಿ. ಈಗ ಸುಲಿಯಲು ಯಂತ್ರ ಬಂದಿದೆ, ತೋಟಕ್ಕೆ ಬೈಕ್ ಹೋಗುತ್ತದೆ. ಅಳತೆ ಹಾಗೇ ಉಳಿದಿದೆ. ಕೊಯ್ಲಿನ ತಿಂಗಳುಗಳಲ್ಲಿ ನಿಮಗೆ ಅದು ಹೊಂದುತ್ತದೆ. ಮಳೆ ಹಿಡಿದ ಮೇಲೆ ಹೊತ್ತಿಗೆ ಒಂದು ಸೌಟು ಅನ್ನ ಕಡಿಮೆ ಮಾಡಲೇಬೇಕು. ವರ್ಷವಿಡೀ ಒಂದೇ ಅಳತೆ ಎಂದು ಹಟ ಹಿಡಿಯಬೇಡಿ, ಎರಡು ಕಾಲಕ್ಕೆ ಎರಡು ಅಳತೆ ಇಟ್ಟುಕೊಳ್ಳಿ.

ಮಳೆಗಾಲದ ಸಂಜೆ ಹಲಸಿನ ಹಪ್ಪಳ ಬೇಕೆನಿಸುವುದು ಸಹಜ. ಕೆಂಡದಲ್ಲಿ ಸುಟ್ಟುಕೊಂಡು ಎರಡು ತಿನ್ನಿ. ಕರಿದರೆ ಹೀರುವ ಪ್ರತಿ ಚಮಚ ಎಣ್ಣೆಗೂ 40 ಕ್ಯಾಲೊರಿ. ಸಂಜೆ ಒಂದು ಪೆಗ್ಗಿನ ಅಭ್ಯಾಸವಿದ್ದರೆ, 60 ಮಿ.ಲೀ.ಗೆ 140 ಕ್ಯಾಲೊರಿ, ಜೊತೆಗಿನ ಕರಿದದ್ದು ಬೇರೆ. ಅದರ ಬದಲಿಗೆ ಈ ಕಾಲದ್ದೇ ಪದಾರ್ಥಗಳಿವೆ. ಕಳಲೆ ಹೊಟ್ಟೆ ತುಂಬಿಸುತ್ತದೆ, ಕ್ಯಾಲೊರಿ ಅತ್ಯಲ್ಪ. ಆದರೆ ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದ ಹೆಚ್ಚಿ ಮೂರು ದಿನ ನೀರಿನಲ್ಲಿಟ್ಟು, ದಿನಾ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಆತುರಕ್ಕೆ ಒಂದೇ ದಿನ ನೆನೆಸಿ ಪಲ್ಯ ಮಾಡಬೇಡಿ. ಪತ್ರೊಡೆಯನ್ನು ಹಬೆಯಲ್ಲಿ ಬೇಯಿಸಿ ಹಾಗೇ ತಿನ್ನಬಹುದು; ಅದನ್ನು ಮತ್ತೆ ಎಣ್ಣೆಯಲ್ಲಿ ಹುರಿದರೆ ಕರಿದದ್ದಕ್ಕೆ ಸಮ. ಕೆಸುವಿನ ಎಲೆಗೆ ಹುಣಸೆಹುಳಿ ಧಾರಾಳವಾಗಿರಲಿ, ಇಲ್ಲದಿದ್ದರೆ ಗಂಟಲು ಕೆರೆಯುತ್ತದೆ.

ನಡಿಗೆಗೆ ಜಗಲಿ ಸಾಕು. ಹತ್ತು ಮೀಟರ್ ಉದ್ದದ ಜಗಲಿಯಾದರೆ ಈ ತುದಿಯಿಂದ ಆ ತುದಿಗೆ ನೂರು ಸಲಕ್ಕೆ ಒಂದು ಕಿ.ಮೀ., ಸುಮಾರು ಹದಿನೈದು ನಿಮಿಷ. ಬೆಳಿಗ್ಗೆ, ಮಧ್ಯಾಹ್ನ ಊಟದ ನಂತರ, ಸಂಜೆ ಒಂದೊಂದು ಕಿ.ಮೀ. ಬರಿಯ ನಡಿಗೆಯನ್ನು ನೆಚ್ಚಬೇಡಿ: ನಿಮ್ಮ ತೂಕಕ್ಕೆ ಮೂರು ಕಿ.ಮೀ. ನಡೆದರೆ 130 ಕ್ಯಾಲೊರಿ ಕರಗುತ್ತದೆ, ಹಪ್ಪಳ ಕರಿದ ಮೂರು ಚಮಚ ಎಣ್ಣೆ ಅದನ್ನು ತುಂಬಿಬಿಡುತ್ತದೆ. ವಾರಕ್ಕೆ ಮೂರು ದಿನ ಸ್ನಾಯುವಿಗೂ ಕೆಲಸ ಕೊಡಿ. ಕೈ ಆಸರೆಯಿಲ್ಲದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಕೈಯೂರಿ ಒತ್ತುವುದು ಹತ್ತು ಸಲ, ಐದೈದು ಕೆ.ಜಿ. ಅಡಿಕೆ ತುಂಬಿದ ಚೀಲ ಎರಡೂ ಕೈಯಲ್ಲಿ ಹಿಡಿದು ಜಗಲಿಯ ತುದಿಯಿಂದ ತುದಿಗೆ ಹತ್ತು ಸಲ. ಇಷ್ಟನ್ನೂ ಮೂರು ಸುತ್ತು. ಪಾಚಿ ಕಟ್ಟಿದ ಅಂಗಳದಲ್ಲಿ ಮಾತ್ರ ಬೇಡ. ಜಾರಿ ಸೊಂಟ ಮುರಿದುಕೊಂಡರೆ ಎಲ್ಲ ಲೆಕ್ಕವೂ ಮುಗಿಯಿತು.

● ನಮ್ಮ ಯಜಮಾನರಿಗೆ 58 ವರ್ಷ, ಶುಗರ್‌ಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಊಟ ಹಿತಮಿತ ಮಾಡಿ 8 ಕೆ.ಜಿ. ಇಳಿಸಿದ್ದಾರೆ. ಈಗ ಹನ್ನೆರಡು ಗಂಟೆಯ ಹೊತ್ತಿಗೆ ಕೈ ನಡುಗಿ ಬೆವರುತ್ತಾರೆ. ನಿಶ್ಶಕ್ತಿ ಇರಬಹುದೇ?
— ಓದುಗರು, ಸೊರಬ

ನಿಶ್ಶಕ್ತಿ ಎಂದು ಬಿಡಬೇಡಿ. ತೂಕ ಇಳಿದು ಊಟ ಕಡಿಮೆಯಾದ ಮೇಲೂ ಮಾತ್ರೆ ಹಳೆಯ ಪ್ರಮಾಣದಲ್ಲೇ ಇದ್ದರೆ ಸಕ್ಕರೆ ತೀರಾ ಕೆಳಗಿಳಿಯುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಜಾತಿಯ ಮಾತ್ರೆ ಮತ್ತು ಇನ್ಸುಲಿನ್‌ನಲ್ಲಿ ಈ ಅಪಾಯ ಹೆಚ್ಚು. ಮೆಟ್‌ಫಾರ್ಮಿನ್ ಒಂದೇ ಆದರೆ ಅಪರೂಪ. ನಡುಕ ಬಂದಾಗ ಗ್ಲೂಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ, ಅಥವಾ ನೋಡಲು ಸಾಧನವೇ ಇಲ್ಲದಿದ್ದರೆ, ಮೂರು ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಕಲಸಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ, ಏರಿದ ಮೇಲೆ ಊಟ. ಮೊದಲಿಗೇ ಬಿಸ್ಕೆಟ್, ಚಾಕೊಲೇಟ್ ಬೇಡ. ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಈ ವಾರವೇ ವೈದ್ಯರನ್ನು ಕಂಡು, ನಡುಕ ಬಂದ ದಿನ, ಹೊತ್ತು, ಅಂಕಿ ಬರೆದುಕೊಂಡು ಹೋಗಿ ತೋರಿಸಿ. ಅವರು ಪ್ರಮಾಣ ಇಳಿಸುತ್ತಾರೆ. ಅಲ್ಲಿಯವರೆಗೆ ಒಬ್ಬರೇ ಗಾಡಿ ಓಡಿಸುವುದು, ಏಣಿ ಹತ್ತುವುದು ಬೇಡ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ತೂಕ ಇಳಿದವರಿಗೆ ಅದರ ಪ್ರಮಾಣವೂ ಬದಲಾಗಬೇಕಾಗಬಹುದು.

● ತೂಕ ದಿನಾ ನೋಡಬೇಕೇ, ವಾರಕ್ಕೊಮ್ಮೆಯೇ? ಎಷ್ಟು ಏರಿದರೆ ಎಚ್ಚರಾಗಬೇಕು?
— ಓದುಗರು, ಭದ್ರಾವತಿ

ಅಂಕಿ ನೋಡಿ ಮನಸ್ಸು ಕೆಡದವರು ದಿನಾ ನೋಡಿ ವಾರದ ಸರಾಸರಿ ತೆಗೆಯಿರಿ. ಕೆಡುವವರು ವಾರಕ್ಕೊಮ್ಮೆ, ಗುರುವಾರ ಅಥವಾ ಶುಕ್ರವಾರ. ಶೌಚ ಮುಗಿಸಿ, ಕಾಫಿಗೆ ಮೊದಲು, ಗಟ್ಟಿ ಸಮತಟ್ಟು ನೆಲದ ಮೇಲೆ. ಹಳೆಯ ಮನೆಗಳ ಏರುತಗ್ಗಿನ ನೆಲದಲ್ಲಿ ಒಂದೇ ಯಂತ್ರ ಎರಡು ಕಡೆ ಎರಡು ತೂಕ ತೋರಿಸುತ್ತದೆ. ಒಂದು ಜಾಗ ಗುರುತು ಮಾಡಿಕೊಳ್ಳಿ. ಮುಟ್ಟಿನ ಮೊದಲಿನ ದಿನಗಳಲ್ಲಿ ಏರುವ ಒಂದೆರಡು ಕೆ.ಜಿ. ನೀರಿನದು.

ಅಮೆರಿಕದಲ್ಲಿ 1994ರಲ್ಲಿ ಶುರುವಾದ ‘ನ್ಯಾಷನಲ್ ವೇಟ್ ಕಂಟ್ರೋಲ್ ರಿಜಿಸ್ಟ್ರಿ’ ಎಂಬ ದಾಖಲೆಯಲ್ಲಿ, ಕನಿಷ್ಠ 13.6 ಕೆ.ಜಿ. ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರನ್ನು ಮಾತ್ರ ಸೇರಿಸುತ್ತಾರೆ. ಅವರಲ್ಲಿ ನಾಲ್ಕರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡುವವರು, ಹೆಚ್ಚಿನವರು ಬೆಳಗಿನ ತಿಂಡಿ ಬಿಡದವರು, ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಅಲ್ಲಾಡಿಸುವವರು.

ಎರಡು ವಾರ ಸತತವಾಗಿ 2 ಕೆ.ಜಿ. ಮೇಲೆಯೇ ನಿಂತರೆ ಅದು ನೀರಲ್ಲ. ಆಗ ಹೊಸ ಪಥ್ಯ ಹುಡುಕುವ ಮೊದಲು ಹದಿನೈದು ದಿನ ತಿಂದದ್ದನ್ನೆಲ್ಲ ಬರೆಯಿರಿ. ಕಾಯಿ, ಎಣ್ಣೆ, ಕಾಫಿ, ಉಳಿದದ್ದು ಮುಗಿಸುವುದು: ಸೋರಿಕೆ ಬಹುಮಟ್ಟಿಗೆ ಈ ನಾಲ್ಕರಲ್ಲೇ ಸಿಗುತ್ತದೆ. ತಿಂಗಳಿಗೊಮ್ಮೆ ಸೊಂಟದ ಸುತ್ತಳತೆಯೂ ನೋಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು.

● ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಂಡರೆ ಈ ಲೆಕ್ಕವೆಲ್ಲ ಬೇಡವಲ್ಲವೇ?
— ಓದುಗರು, ಸಾಗರ

ತೆಗೆದುಕೊಳ್ಳುವಷ್ಟು ದಿನ ಹಸಿವು ಕಡಿಮೆಯಿರುತ್ತದೆ. ಇಂಥ ಇಂಜೆಕ್ಷನ್‌ಗಳಲ್ಲಿ ಒಂದಾದ ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಗಮನಿಸಿದಾಗ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿತ್ತು. ಹಸಿವಿಲ್ಲವೆಂದು ಬರೀ ಗಂಜಿ ಕುಡಿದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗಿರುತ್ತದೆ, ಮರಳುವಾಗ ಹೆಚ್ಚಾಗಿ ಬರುವುದು ಕೊಬ್ಬು. ಬೊಜ್ಜು ಹೆಚ್ಚಿರುವವರಿಗೆ, ಶುಗರ್ ಇರುವವರಿಗೆ ವೈದ್ಯರು ಪರೀಕ್ಷಿಸಿ ಕೊಟ್ಟರೆ ಒಳ್ಳೆಯ ಔಷಧಿಯೇ. ಗರ್ಭಿಣಿಯರಿಗೆ, ಮನೆತನದಲ್ಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದವರಿಗೆ ಅದು ಆಗದು. ಮೂರ್ನಾಲ್ಕು ಕೆ.ಜಿ. ಇಳಿಸಲು ಮದುವೆಗೆ ಮುಂಚೆ ಚುಚ್ಚಿಸಿಕೊಳ್ಳುವುದು ನಮ್ಮ ಮಟ್ಟಿಗೆ ದುಡ್ಡು ದಂಡ.

● ತೂಕ ಇಳಿದ ಮೂರು ತಿಂಗಳಿಗೆ ತಲೆಕೂದಲು ರಾಶಿ ಉದುರುತ್ತಿದೆ. ‘ಸೊರಗಿ ಹೋಗಿದ್ದೀ, ಊಟ ಮಾಡು’ ಎಂದು ಅಮ್ಮ ದಿನಾ ಬೈಯುತ್ತಾರೆ.
— ಓದುಗರು, ಶೃಂಗೇರಿ

ಅಮ್ಮನ ಮಾತಿನಲ್ಲಿ ಅರ್ಧ ಸತ್ಯವಿದೆ. ತೂಕ ಬೇಗ ಇಳಿದ ಎರಡು–ಮೂರು ತಿಂಗಳಿಗೆ ಕೂದಲು ಉದುರುವುದು ಸಾಮಾನ್ಯ, ಆರು ತಿಂಗಳಲ್ಲಿ ಬಹುಪಾಲು ತಾನಾಗಿ ನಿಲ್ಲುತ್ತದೆ. ಅಷ್ಟರೊಳಗೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಥೈರಾಯ್ಡ್ ಪರೀಕ್ಷೆ ಒಮ್ಮೆ ಮಾಡಿಸಿ. ಮೊದಲ ಉತ್ತರದ ಪ್ರೋಟೀನ್ ಲೆಕ್ಕ ನಿಮಗೂ ಅನ್ವಯ. ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರೆ ಕಾಫಿ, ಚಹಾದಿಂದ ಒಂದು–ಎರಡು ಗಂಟೆ ದೂರವಿಟ್ಟು, ನಿಂಬೆಪಾನಕದ ಜೊತೆ ತೆಗೆದುಕೊಳ್ಳಿ. ಪಾನಕಕ್ಕೆ ಸಕ್ಕರೆ ಬೇಡ, ಚಿಟಿಕೆ ಉಪ್ಪು ಸಾಕು. ಥೈರಾಯ್ಡ್ ಮಾತ್ರೆಯೂ ಇದ್ದರೆ ಅದು ಬೆಳಿಗ್ಗೆ ಖಾಲಿ ಹೊಟ್ಟೆಗೆ, ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಕಬ್ಬಿಣದ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಬೇಕು. ಮುಟ್ಟು ತಪ್ಪಿದ್ದರೆ ಅಥವಾ ತೂಕ ಇನ್ನೂ ಇಳಿಯುತ್ತಲೇ ಇದ್ದರೆ ಅಮ್ಮನ ಮಾತೇ ಪೂರ್ತಿ ಸತ್ಯ. ಮುಂದೂಡದೆ ವೈದ್ಯರನ್ನು ಕಾಣಿ.